ನಿಮ್ಮ ಕತ್ತಿ ಬಿಡಿ, ಅವನ ಕೈ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದಾಟದ ಗೇಮ್‌ಗಳ ಬಗ್ಗೆಯೇ ಇದ್ದವು. ಹಾಗಾಗಿ ಈ ಕಂತನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಸರ್, ನನ್ನ ಹತ್ತಿರ ಇರುವ ಒಂದು ಗೇಮ್‌ನಲ್ಲಿ ನೂರಾರು ಕತ್ತಿ, ಕೊಡಲಿ, ಗದೆ ಇವೆ. ಗ್ರಾಫಿಕ್ಸ್ ಸೂಪರ್. ಆದರೂ ಒಂದು ಗಂಟೆ ಆಡಿದರೆ ಬೋರ್ ಹೊಡೆಯುತ್ತೆ. ಮೊನ್ನೆ ಗೆಳೆಯನ ಮನೆಯಲ್ಲಿ ‘ಸೆಕಿರೋ’ ಆಡಿದೆ. ಅದರಲ್ಲಿ ಇರೋದು ಒಂದೇ ಕತ್ತಿ. ಗೆನಿಚಿರೋ ಅನ್ನೋ ಬಾಸ್ (ದೊಡ್ಡ ವಿಲನ್) ಕೈಯಲ್ಲಿ ನಲವತ್ತು ಸಲವಾದರೂ ಸತ್ತಿದ್ದೇನೆ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಓಡ್ತಾ ಇದೆ. ಯಾಕೆ ಹೀಗೆ?
– ಡಿಗ್ರಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲನೇ ಗೇಮ್‌ನಲ್ಲಿ ನೀವು ಹೊಡೀತಾ ಇದ್ದಿರಿ, ಅಷ್ಟೇ. ಸೆಕಿರೋದಲ್ಲಿ ಎದುರಿಗಿದ್ದವನು ನಿಮ್ಮ ಜೊತೆ ಹೊಡೆದಾಡುತ್ತಿದ್ದ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಆಯುಧ ಜಾಸ್ತಿ ಆದ ಮಾತ್ರಕ್ಕೆ ಹೊಡೆದಾಟಕ್ಕೆ ರುಚಿ ಬರುವುದಿಲ್ಲ. ಎದುರಾಳಿ ದಿಮ್ಮಿ ತರ ನಿಂತು ಏಟು ತಿನ್ನುತ್ತಿದ್ದರೆ ಕತ್ತಿ ಹಿಡಿದರೂ ಅಷ್ಟೇ, ಗದೆ ಹಿಡಿದರೂ ಅಷ್ಟೇ, ಅದು ಸೌದೆ ಒಡೆಯುವ ಕೆಲಸ. ಒಳ್ಳೆಯ ಹೊಡೆದಾಟ ತಯಾರಾಗುವುದು ನಿಮ್ಮ ಕೈಯಲ್ಲಿರುವ ಕತ್ತಿಯಲ್ಲಿ ಅಲ್ಲ, ಎದುರಾಳಿಯ ಮೈಯಲ್ಲಿ. ಅವನು ಏನು ಮಾಡಲಿದ್ದಾನೆ ಅನ್ನುವುದು ಅವನ ಭುಜ, ಸೊಂಟ, ಕಾಲು ನೋಡಿದರೆ ಗೊತ್ತಾಗಬೇಕು. ಅದಕ್ಕೆ ಸರಿಯಾದ ಉತ್ತರ ನಿಮ್ಮ ಬೆರಳಲ್ಲಿ ಇರಬೇಕು. ಉತ್ತರ ಸರಿಯೋ ತಪ್ಪೋ ಅನ್ನುವುದು ಅದೇ ಕ್ಷಣಕ್ಕೆ ಕಣ್ಣಿಗೂ ಕಿವಿಗೂ ಮುಟ್ಟಬೇಕು.

ಸೆಕಿರೋ ಬಂದದ್ದು 2019ರ ಮಾರ್ಚ್‌ನಲ್ಲಿ. ಮಾಡಿದವರು ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿದೆತಾಕಾ ಮಿಯಾಜಾಕಿ. ಇದರಲ್ಲಿ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಪಟ್ಟಿಯ ಜೊತೆಗೆ ‘ಪೋಸ್ಚರ್’ ಅಂತ ಇನ್ನೊಂದು ಪಟ್ಟಿ ಇದೆ. ನಿಲುವು ಅಂತ ಇಟ್ಟುಕೊಳ್ಳಿ. ಅವನ ಏಟು ನಿಮಗೆ ತಾಗುವ ಕ್ಷಣಕ್ಕೇ ನೀವು ತಡೆಯ ಬಟನ್ ಒತ್ತಿದರೆ ಠಣ್ ಅಂತ ಸದ್ದು, ಕಿತ್ತಳೆ ಕಿಡಿ, ಅವನ ನಿಲುವಿನ ಪಟ್ಟಿ ಏರುತ್ತದೆ. ಬೇಗ ಒತ್ತಿ ಹಿಡಿದುಕೊಂಡರೆ ಏಟು ತಡೆಯುತ್ತೀರಿ, ಆದರೆ ನಿಮ್ಮ ನಿಲುವಿನ ಪಟ್ಟಿ ಏರುತ್ತದೆ. ಅವನ ಪಟ್ಟಿ ತುಂಬಿತು ಅಂದ್ರೆ ಕಾವಲು ಮುರಿಯಿತು. ಎದೆಯ ಮೇಲೆ ಕೆಂಪು ಚುಕ್ಕಿ, ಒಂದೇ ಏಟಿಗೆ ಆ ಸುತ್ತು ಮುಗೀತು.

ಕೋಲಾಟ ನೋಡಿದ್ದೀರಲ್ವಾ? ಎದುರಿಗಿದ್ದವನ ಕೋಲು ಬರುವ ಕ್ಷಣಕ್ಕೇ ನಿಮ್ಮ ಕೋಲೂ ಅಲ್ಲಿ ಇರಬೇಕು. ಮೊದಲೇ ಚಾಚಿಕೊಂಡು ನಿಂತರೆ ತಾಳ ಕೆಡುತ್ತದೆ, ತಡ ಆದರೆ ಬೆರಳಿಗೆ ಏಟು. ನೀವು ನಲವತ್ತು ಸಲ ಸತ್ತು ಕಲಿಯುತ್ತಿದ್ದದ್ದು ಗೆನಿಚಿರೋನ ತಾಳವನ್ನು. ಮನೆಗೆ ಬಂದ ಮೇಲೂ ತಲೆಯಲ್ಲಿ ಓಡ್ತಾ ಇರೋದು ಅದೇ.

ಈ ಗೇಮ್‌ನ ಒಂದು ಸೂಕ್ಷ್ಮ ನನಗೆ ತುಂಬಾ ಇಷ್ಟ. ತಡೆಯ ಬಟನ್‌ನ್ನು ಗಾಬರಿಯಲ್ಲಿ ಪಟಪಟ ಒತ್ತುತ್ತಾ ಹೋದರೆ, ಸರಿಯಾದ ತಡೆಗೆ ಸಿಗುವ ಸಮಯವನ್ನೇ ಗೇಮ್ ಸಣ್ಣದು ಮಾಡುತ್ತದೆ. ನೋಡಿ ಒತ್ತಿದವನಿಗೆ ಉದಾರ, ಕಣ್ಣು ಮುಚ್ಚಿ ಒತ್ತಿದವನಿಗೆ ಜಿಪುಣ. ಹೀಗಾಗಿ ಅದೃಷ್ಟದ ಮೇಲೆ ಗೆಲ್ಲುವ ದಾರಿ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ.

ಹಿಂದೆ ಸರಿದು ಉಸಿರು ತೆಗೆದುಕೊಳ್ಳೋಣ ಅಂದರೆ, ನೀವು ದೂರ ಹೋದಷ್ಟೂ ಹೊತ್ತು ಅವನ ನಿಲುವು ವಾಪಸ್ ಸರಿಯಾಗುತ್ತಾ ಇರುತ್ತದೆ. ಅವನ ಜೀವ ಪೂರ್ತಿ ಇದ್ದಾಗ ಬೇಗ ಸುಧಾರಿಸಿಕೊಳ್ಳುತ್ತಾನೆ, ಗಾಯ ಆದಂತೆಲ್ಲ ನಿಧಾನ. ಹಾಗಾಗಿ ತಡೆಯುವುದೊಂದೇ ಸಾಲದು, ನಡುನಡುವೆ ನಾಲ್ಕು ಏಟು ಹಾಕಿ ಜೀವವನ್ನೂ ಇಳಿಸಬೇಕು. ಹತ್ತಿರ ಇದ್ದರೆ ಭಯ, ದೂರ ಹೋದರೆ ನಷ್ಟ. ಈ ಎಳೆದಾಟವೇ ನಿಮ್ಮನ್ನು ಕಟ್ಟಿಹಾಕಿದ್ದು.

ಇನ್ನು ಆ ಕೆಂಪು ಅಕ್ಷರ. ಅಪಾಯ ಅನ್ನುವ ಅರ್ಥದ ಜಪಾನೀ ಅಕ್ಷರ ನಿಮ್ಮ ತಲೆಯ ಮೇಲೆ ಸದ್ದಿನ ಜೊತೆ ಮಿಂಚುತ್ತದಲ್ಲ, ಅದು ‘ಈ ಏಟನ್ನು ಸುಮ್ನೆ ತಡೆದರೆ ಆಗಲ್ಲ’ ಅನ್ನುವುದನ್ನು ಮಾತ್ರ ಹೇಳುತ್ತದೆ. ತಿವಿಯುತ್ತಾನೋ, ಕಾಲಿಗೆ ಬೀಸುತ್ತಾನೋ, ಹಿಡಿದುಕೊಳ್ಳುತ್ತಾನೋ ಹೇಳುವುದಿಲ್ಲ. ಮೂರಕ್ಕೂ ಗುರುತು ಒಂದೇ. ಗೆನಿಚಿರೋ ಮೇಲಕ್ಕೆ ಹಾರಿ ಬಂದು ಬಡಿದ ಮೇಲೆ ಏನಾಗುತ್ತೆ ನೆನಪಿಸಿಕೊಳ್ಳಿ. ಕೆಂಪು ಅಕ್ಷರ ಬಂತು. ಕತ್ತಿಯನ್ನು ಹಿಂದಕ್ಕೆ ಎಳೆದುಕೊಂಡರೆ ತಿವಿತ. ಮೈ ಕುಗ್ಗಿಸಿ ಕೆಳಗೆ ಬಗ್ಗಿದರೆ ಕಾಲಿಗೆ ಬೀಸು. ಬೀಸಿಗೆ ನೆಗೆಯಬೇಕು. ತಿವಿತಕ್ಕೆ, ನೀವು ‘ಮಿಕಿರಿ’ ವಿದ್ಯೆ ಕಲಿತಿದ್ದರೆ, ಅವನ ಕಡೆಗೇ ಹೆಜ್ಜೆ ಇಡಬೇಕು. ಹಿಂದೆ ಹಾರು ಅಂತ ಮೈ ಚೀರುತ್ತಿರುತ್ತದೆ, ನೀವು ಮುಂದೆ ಹೋಗಿ ಅವನ ಕತ್ತಿಯ ಮೇಲೇ ಕಾಲಿಟ್ಟು ಒತ್ತುತ್ತೀರಿ. ನನಗೆ ಇದು ಮೊದಲ ಸಲ ಕೂಡಿಬಂದ ರಾತ್ರಿ ಕಂಟ್ರೋಲರ್ ಕೆಳಗಿಟ್ಟು ಎದ್ದು ಓಡಾಡಿದ್ದೆ.

ಒಂದು ಕೆಲಸ ಮಾಡಿ. ಪಾಳುಬಿದ್ದ ಗುಡಿಯ ಹತ್ತಿರ ಹಾನ್ಬೇ ಅಂತ ಒಬ್ಬ ಸಾಯದ ಮನುಷ್ಯ ನಿಂತಿರುತ್ತಾನೆ. ಎಷ್ಟು ಸಲ ಬೇಕಾದರೂ ಅವನ ಜೊತೆ ತಾಲೀಮು ಮಾಡಬಹುದು. ಅಲ್ಲಿ ಹತ್ತು ನಿಮಿಷ ನಿಮ್ಮ ಕತ್ತಿಯನ್ನು ಮರೆತು ಅವನ ಕೈಯನ್ನೇ ನೋಡುತ್ತಾ ಆಡಿ, ಆಮೇಲೆ ಗೆನಿಚಿರೋ ಇರುವ ಕೋಟೆ ಮೇಲೆ ಹೋಗಿ. ಕೊನೆಯ ಸುತ್ತಿನಲ್ಲಿ ಅವನು ಕವಚ ಕಿತ್ತೆಸೆದು ಸಿಡಿಲು ಬಿಡುತ್ತಾನೆ. ಆಗ ನೆಗೆದು ಗಾಳಿಯಲ್ಲೇ ಅದನ್ನು ತೆಗೆದುಕೊಂಡು, ಕಾಲು ನೆಲಕ್ಕೆ ತಾಗುವ ಮೊದಲು ಹೊಡೆಯುವ ಬಟನ್ ಒತ್ತಿ. ಸಿಡಿಲು ಅವನಿಗೇ ವಾಪಸ್ ಹೋಗುತ್ತದೆ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ವಿಡಿಯೋ ಗೇಮ್ ಅಂಗಡಿಯಲ್ಲಿ ಕಾಯಿನ್ ಹಾಕಿ ‘ಮುಸ್ತಫಾ’ ಆಡುತ್ತಿದ್ದೆವು. ಈಗ ಮಗನ ಹತ್ತಿರ ದುಬಾರಿ ಮೆಷಿನ್ ಇದೆ, ಚಿತ್ರ ಸಿನಿಮಾ ತರ ಇದೆ. ಆದರೆ ಆ ಹಳೇ ಗುದ್ದಿನ ಮಜಾ ಹಲವು ಗೇಮ್‌ಗಳಲ್ಲಿ ಸಿಗ್ತಾ ಇಲ್ಲ. ಇದು ಬರೀ ವಯಸ್ಸಿನ ಮಾತಾ?
– ವ್ಯಾಪಾರಿ, ಶಿವಮೊಗ್ಗ

ಉತ್ತರ: ವಯಸ್ಸಿನ ಮಾತಲ್ಲ ಸಾರ್. ನಿಮ್ಮ ಕೈ ಸರಿಯಾಗಿಯೇ ನೆನಪಿಟ್ಟುಕೊಂಡಿದೆ.

ಆ ಗೇಮ್‌ನ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ 1993ರಲ್ಲಿ ತಂದದ್ದು. ನಾಲ್ಕು ಜನ ಹೀರೋಗಳಲ್ಲಿ ಹಳದಿ ಟೋಪಿಯ ಮುಸ್ತಫಾ ನಮ್ಮವರಿಗೆ ಎಷ್ಟು ಹಿಡಿಸಿದ ಅಂದರೆ ಗೇಮ್‌ಗೇ ಅವನ ಹೆಸರು ಬಿತ್ತು. ನಾನೂ ಅವನನ್ನೇ ತೆಗೆದುಕೊಳ್ಳುತ್ತಿದ್ದೆ. ಓಡಿ ಬಂದು ಒದೆಯುತ್ತಾನಲ್ಲ, ಅದಕ್ಕೆ.

ಗುದ್ದಿನ ಮಜಾ ಎಲ್ಲಿಂದ ಬರುತ್ತಿತ್ತು ಹೇಳುತ್ತೇನೆ. ಆ ಕಾಲದ ಕ್ಯಾಪ್‌ಕಾಮ್ ಗೇಮ್‌ಗಳಲ್ಲಿ ಏಟು ತಾಗಿದ ತಕ್ಷಣ ಹೊಡೆದವನೂ ಹೊಡೆಸಿಕೊಂಡವನೂ ಒಂದು ಚೂರು ಹೊತ್ತು ಕಲ್ಲಾಗಿ ನಿಲ್ಲುತ್ತಾರೆ. ಪರದೆಯ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರ ಓಡುತ್ತವೆ, ಅದರಲ್ಲಿ ಕೆಲವೇ ಚಿತ್ರಗಳಷ್ಟು ಹೊತ್ತು ಈ ನಿಲುಗಡೆ. ಗೇಮ್ ಮಾಡುವವರು ಇದನ್ನು ಹಿಟ್‌ಸ್ಟಾಪ್ ಅನ್ನುತ್ತಾರೆ. ನಿಂತದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ಕೈಗೆ ಭಾರ ಸಿಗುತ್ತದೆ. ಮುಷ್ಟಿ ಏನಕ್ಕೋ ತಾಗಿತು ಅನ್ನಿಸುತ್ತದೆ. ಆ ನಿಲುಗಡೆ ತೆಗೆದುಬಿಟ್ಟರೆ ಅದೇ ಗುದ್ದು ಗಾಳಿಯಲ್ಲಿ ಕೈ ಬೀಸಿದ ಹಾಗೆ. ನಮ್ಮ ಹಳೇ ಸಿನಿಮಾದ ‘ಡಿಶುಂ’ ಇಲ್ಲದೆ ಫೈಟ್ ನೋಡಿದರೆ ಹೇಗೆ ಸಪ್ಪೆ ಅನ್ನಿಸುತ್ತೋ ಹಾಗೆ. ಈಗಿನ ಕೆಲವು ಗೇಮ್‌ಗಳಲ್ಲಿ ಕೂದಲೆಳೆ ಕೂಡ ಬಿಡಿಸಿ ಬರೆದಿರುತ್ತಾರೆ, ಈ ಒಂದು ಕ್ಷಣದ ಮೇಲೆ ಮಾತ್ರ ಯಾರೂ ಕೂತಿರುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಜಾಗದ ಲೆಕ್ಕವೂ ಇತ್ತು. ಎರಡೂ ಕಡೆಯಿಂದ ಮುತ್ತುವ ರೌಡಿಗಳನ್ನು ಹೇಗಾದರೂ ಒಂದೇ ಪಕ್ಕಕ್ಕೆ ತಂದುಕೊಂಡು ಹೊಡೆಯಬೇಕಿತ್ತು. ಸಿಕ್ಕಿಹಾಕಿಕೊಂಡರೆ ಎರಡು ಬಟನ್ ಒಟ್ಟಿಗೆ ಒತ್ತಿದರೆ ಎಲ್ಲರೂ ಚೆಲ್ಲಾಪಿಲ್ಲಿ, ಆದರೆ ನಿಮ್ಮ ಜೀವವೂ ಸ್ವಲ್ಪ ಹೋಗುತ್ತಿತ್ತು. ಈಗಲೇ ಖರ್ಚು ಮಾಡಲಾ, ತಡೆದುಕೊಳ್ಳಲಾ ಅನ್ನುವ ಯೋಚನೆ ಪ್ರತಿ ಸಲವೂ ಬರುತ್ತಿತ್ತು. ಬರೀ ಬೆರಳಿನ ಕೆಲಸ ಆಗಿದ್ದರೆ ಅಷ್ಟು ಕಾಯಿನ್ ಸುರಿಯುತ್ತಿದ್ದೆವಾ?

ಇನ್ನೊಂದು ಸಂಗತಿ ನಿಮಗೆ ಖುಷಿ ಕೊಡಬಹುದು. ಏಟಿನ ಹಿಂದೆ ಏಟು ಪೋಣಿಸುವ ‘ಕಾಂಬೋ’ ಯಾರೂ ಯೋಜನೆ ಹಾಕಿ ತಂದದ್ದಲ್ಲ. ಕ್ಯಾಪ್‌ಕಾಮ್‌ನವರು 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಮಾಡುವಾಗ, ಕಾರು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷಿಸುತ್ತಿದ್ದ ನೊರಿಟಾಕಾ ಫುನಾಮಿಜುಗೆ ಗುದ್ದುಗಳ ಮಧ್ಯೆ ಇನ್ನೊಂದು ಗುದ್ದು ಸೇರಿಸಲು ಆಗುತ್ತೆ ಅಂತ ಕಂಡಿತು. ಇಷ್ಟು ಕಷ್ಟದ್ದನ್ನು ಯಾರು ಮಾಡುತ್ತಾರೆ ಅಂತ ಹಾಗೇ ಬಿಟ್ಟರು. ‘ಡೆವಿಲ್ ಮೇ ಕ್ರೈ’ನಲ್ಲಿ ವೈರಿಯನ್ನು ಗಾಳಿಯಲ್ಲೇ ತೇಲಿಸಿ ಹೊಡೆಯುವುದೂ ‘ಒನಿಮುಷಾ’ ಗೇಮ್‌ನ ಒಂದು ಬಗ್ ನೋಡಿ ನಿರ್ದೇಶಕ ಹಿದೆಕಿ ಕಾಮಿಯಾಗೆ ಹೊಳೆದದ್ದು. 2001ರ ಮಾತು.

ಮಗನ ಮೆಷಿನ್‌ನಲ್ಲಿ 2018ರ ‘ಗಾಡ್ ಆಫ್ ವಾರ್’ ಹಾಕಿಸಿ ನೋಡಿ. ಕೊಡಲಿ ಎಸೆದು ವಾಪಸ್ ಕರೆದಾಗ ಅದು ಹೀರೋ ಕ್ರೇಟೋಸ್‌ನ ಅಂಗೈಗೆ ಧಡ್ ಅಂತ ಕೂರುತ್ತದೆ, ಕಂಟ್ರೋಲರ್ ನಡುಗುತ್ತದೆ. ವೈರಿಗಳೇ ಇಲ್ಲದ ಕಡೆ ನಿಂತು ಸುಮ್ನೆ ಎಸೆದು ಕರೆದು ಮಾಡುತ್ತಾ ಕೂರುವಷ್ಟು ಚೆನ್ನಾಗಿದೆ.

ಪ್ರಶ್ನೆ: ಟಿವಿಯಲ್ಲಿ ಆಡುವಾಗ ಸರಿಯಾದ ಸಮಯಕ್ಕೇ ಒತ್ತುತ್ತೇನೆ, ಆದರೂ ಏಟು ಬೀಳುತ್ತೆ. ಗೆಳೆಯನ ಮಾನಿಟರ್‌ನಲ್ಲಿ ಹೀಗಾಗಲ್ಲ.
– ಓದುಗ, ಕಲಬುರಗಿ

ಉತ್ತರ: ಟಿವಿ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹುಡುಕಿ ಆನ್ ಮಾಡಿ. ಚಿತ್ರವನ್ನು ಚಂದ ಮಾಡಲು ಟಿವಿ ತನ್ನೊಳಗೆ ಒಂದಿಷ್ಟು ಲೆಕ್ಕ ಹಾಕಿ ಆಮೇಲೆ ತೋರಿಸುತ್ತದೆ, ಹಾಗಾಗಿ ನೀವು ನೋಡುವುದು ಆಗಲೇ ಹಳೆಯದಾಗಿರುತ್ತದೆ. ಗೇಮ್‌ನಲ್ಲಿ ಆಯ್ಕೆ ಇದ್ದರೆ ‘ಕ್ವಾಲಿಟಿ’ ಬದಲು ‘ಪರ್ಫಾರ್ಮೆನ್ಸ್’ ಇಡಿ. ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಓಡಿದರೆ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್, 60ರಲ್ಲಿ ಅದರ ಅರ್ಧ. ತಡೆಗೆ ಇಷ್ಟೂ ಮುಖ್ಯ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗ ಇಂಥ ಗೇಮ್‌ನಲ್ಲಿ ಸೋತು ಸಿಟ್ಟಾಗುತ್ತಾನೆ, ಮತ್ತೆ ಅದನ್ನೇ ಆಡುತ್ತಾನೆ. ಬಿಡಿಸಬೇಕಾ?
– ತಾಯಿ, ಧಾರವಾಡ

ಉತ್ತರ: ಅಮ್ಮಾ, ಮೊದಲು ಗೇಮ್ ಯಾವುದು ನೋಡಿ. ಡಬ್ಬಿಯ ಮೇಲೆ ಅಥವಾ ಕೊಳ್ಳುವ ಪುಟದಲ್ಲಿ ವಯಸ್ಸು ಹಾಕಿರುತ್ತಾರೆ. ಮೇಲೆ ಹೇಳಿದ ಸೆಕಿರೋ ಅಮೆರಿಕದ ಲೆಕ್ಕದಲ್ಲಿ 17 ದಾಟಿದವರಿಗೆ, ಯೂರೋಪಿನಲ್ಲಿ 18. ರಕ್ತ ಜಾಸ್ತಿ. ನಿಮ್ಮ ಮಗನಿಗೆ ಈಗ ಅದು ಬೇಡ.

ಗೇಮ್ ವಯಸ್ಸಿಗೆ ತಕ್ಕದ್ದೇ ಆಗಿದ್ದರೆ, ಸೋತ ಮೇಲೆ ಅವನ ಪಕ್ಕ ಕೂತು ‘ಯಾವ ಏಟಿಗೆ ಬಿದ್ದೆ?’ ಅಂತ ಕೇಳಿ. ‘ಅವನು ಎಡಗೈ ಎತ್ತಿದಾಗ ನಾನು ಬೇಗ ಹಾರಿಬಿಟ್ಟೆ’ ಅಂತ ಹೇಳಿದರೆ ನೋಡಿ ಕಲಿಯುತ್ತಿದ್ದಾನೆ ಅಂತ ಅರ್ಥ. ‘ಏನೋ ಗೊತ್ತಿಲ್ಲ, ಸುಮ್ನೆ ಸತ್ತೆ’ ಅಂದರೆ ಒಂದೋ ಅವನು ದಣಿದಿದ್ದಾನೆ, ಇಲ್ಲವೇ ಗೇಮೇ ಸರಿಯಿಲ್ಲ. ಎರಡರಲ್ಲೂ ಅವತ್ತಿಗೆ ಮುಚ್ಚಿಸುವುದು ಒಳ್ಳೆಯದು. ನಡುವೆ ಸ್ವಿಚ್ ಆಫ್ ಮಾಡಬೇಡಿ. ‘ಇನ್ನು ಮೂರು ಸಲ, ಆಮೇಲೆ ಊಟ’ ಅಂತ ಮೊದಲೇ ಮಾತಾಡಿಕೊಳ್ಳಿ. ಮಕ್ಕಳು ಗಡಿಯಾರಕ್ಕಿಂತ ಈ ಲೆಕ್ಕವನ್ನು ಚೆನ್ನಾಗಿ ಪಾಲಿಸುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಪ್ರಶ್ನೆ: ಅಣ್ಣಾ, ನಾವು ಮೂವರು ಗೆಳೆಯರು ಸೇರಿ ಒಂದು ಕತ್ತಿವರಸೆ ಗೇಮ್ ಮಾಡ್ತಾ ಇದ್ದೇವೆ. ನಾಲ್ಕು ವೈರಿಗಳು ಒಟ್ಟಿಗೆ ಬಿದ್ದರೆ ಆಡುವವನಿಗೆ ಉಸಿರಾಡೋಕೂ ಆಗಲ್ಲ. ಒಬ್ಬೊಬ್ಬರಾಗಿ ಬಂದರೆ ಹಳೇ ಸಿನಿಮಾದ ವಿಲನ್ ಕಡೆಯವರ ತರ, ಉಳಿದವರು ಸುಮ್ನೆ ನಿಂತಿರ್ತಾರೆ. ದಾರಿ ಏನು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ದೊಡ್ಡ ಕಂಪನಿಗಳೂ ಇದೇ ಗಂಟಿಗೆ ಸಿಕ್ಕಿಕೊಂಡು ಬಿಡಿಸಿಕೊಂಡಿವೆ. ಅವರು ಬಳಸುವುದು ಟೋಕನ್. ಬ್ಯಾಂಕಿನಲ್ಲಿ ಕೊಡ್ತಾರಲ್ಲ, ಹಾಗೇ. ಗೇಮ್‌ನ ಹತ್ತಿರ ಎರಡೋ ಮೂರೋ ಟೋಕನ್ ಇರುತ್ತವೆ, ಕೈಯಲ್ಲಿ ಟೋಕನ್ ಇದ್ದವನು ಮಾತ್ರ ಹೊಡೆಯಬಹುದು, ಹೊಡೆದ ಮೇಲೆ ವಾಪಸ್ ಕೊಡಬೇಕು. ಐಡಿ ಸಾಫ್ಟ್‌ವೇರ್‌ನವರ 2016ರ ‘ಡೂಮ್’ ನಡೆಯುವುದು ಹೀಗೇ. ಟೋಕನ್ ಇಲ್ಲದವರು ಏನು ಮಾಡಬೇಕು ಅನ್ನುವುದರ ಮೇಲೆ ನಿಮ್ಮ ಗೇಮ್ ನಿಂತಿದೆ. ಸುಮ್ನೆ ನಿಲ್ಲಿಸಬೇಡಿ. ಸುತ್ತು ಹಾಕಲಿ, ಕೂಗಲಿ, ಹೊಡೆಯುವ ಹಾಗೆ ಮಾಡಿ ಹಿಂದೆ ಸರಿಯಲಿ. ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಏಳೂ ಜನ ಒಟ್ಟಿಗೆ ಹಾರುತ್ತಾರಾ? ಒಬ್ಬ ಕಾಲಿಗೆ ಹೊಂಚು ಹಾಕುತ್ತಾನೆ, ಉಳಿದವರು ಅವನ ದಾರಿ ಕಿರಿದು ಮಾಡುತ್ತಾರೆ. ರೈಡರ್‌ಗೆ ಎಲ್ಲರ ಭಯವೂ ಇರುತ್ತದೆ.

ಪರದೆಯ ಆಚೆ ಇರುವವನಿಗೆ ಟೋಕನ್ ಕೊಡಲೇಬೇಡಿ, ಕೊಟ್ಟರೆ ಮೊದಲು ಸದ್ದು ಮಾಡಿಸಿ. ಕಾಣದ ಏಟಿಗೆ ಸತ್ತವನು ಮತ್ತೆ ಆಡುವುದಿಲ್ಲ. ರಾಕ್‌ಸ್ಟೆಡಿಯವರು 2009ರ ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ನಲ್ಲಿ ಹೊಡೆಯಲು ಬರುವವನ ತಲೆಯ ಮೇಲೇ ಗುರುತು ತೋರಿಸಿದರು. ಅದರಿಂದ ಹತ್ತು ಜನರ ನಡುವೆಯೂ ಗಾಬರಿ ಆಗುವುದಿಲ್ಲ. ಆದರೆ ಆಮೇಲಾಮೇಲೆ ನಾವು ಮನುಷ್ಯರನ್ನು ಬಿಟ್ಟು ಗುರುತನ್ನೇ ನೋಡಲು ಶುರು ಮಾಡುತ್ತೇವೆ. ನನಗೆ ಅದಕ್ಕಿಂತ ಸೆಕಿರೋದ ದಾರಿ ಇಷ್ಟ. ನಿಮ್ಮದು ಕತ್ತಿವರಸೆ ಆದ್ದರಿಂದ ಮೈ ನೋಡುವ ಹಾಗೇ ಮಾಡಿ.

ಒಂದು ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಿ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಸುಮಾರು ಕಾಲು ಸೆಕೆಂಡ್ ಬೇಕು. 60 ಫ್ರೇಮ್‌ನಲ್ಲಿ ಅದು 15 ಫ್ರೇಮ್. ಏನು ಒತ್ತಬೇಕು ಅಂತ ಆರಿಸಬೇಕಾದರೆ ಇನ್ನೂ ಜಾಸ್ತಿ. ವೈರಿ ಕೈ ಎತ್ತಿದ್ದರಿಂದ ಏಟು ಬೀಳುವವರೆಗೆ ಇದಕ್ಕಿಂತ ಕಡಿಮೆ ಇದ್ದರೆ ಅದು ನೋಡಿ ತಪ್ಪಿಸಿಕೊಳ್ಳುವ ಏಟಲ್ಲ, ಊಹೆ. ನಿಮ್ಮ ಹೀರೋ ಮಾತ್ರ ಉಲ್ಟಾ ಇರಲಿ: ಒತ್ತಿದ ತಕ್ಷಣ ಕೈ ಹೊರಡಬೇಕು. ಹಿಂದಿನ ಏಟು ಮುಗಿಯುವ ಸ್ವಲ್ಪ ಮುಂಚೆಯೇ ಒತ್ತಿಬಿಟ್ಟರೆ ಅದನ್ನು ನೆನಪಿಟ್ಟುಕೊಂಡು ಆಮೇಲೆ ಮಾಡಿಸಿ. ಇಲ್ಲದಿದ್ದರೆ ‘ಬಟನ್ ಕೆಲಸ ಮಾಡಲ್ಲ’ ಅಂತ ನಿಮ್ಮನ್ನೇ ಬೈಯುತ್ತಾರೆ, ಬೈಯುವುದು ಸರಿಯೂ ಹೌದು.

ಮತ್ತೆ, ಆಡುವವನು ಗಾಯ ಆದಾಗ ಎಲ್ಲಿಗೆ ಓಡುತ್ತಾನೆ ಯೋಚಿಸಿ. ಹಲವು ಗೇಮ್‌ಗಳಲ್ಲಿ ಮೂಲೆಗೆ ಓಡಿ ಬಚ್ಚಿಟ್ಟುಕೊಳ್ಳುತ್ತಾನೆ, ಅಲ್ಲಿಗೆ ಬಿಸಿ ಆರಿಹೋಯಿತು. ಡೂಮ್‌ನಲ್ಲಿ ತತ್ತರಿಸುತ್ತಿರುವ ರಾಕ್ಷಸನ ಹತ್ತಿರ ಹೋಗಿ ಕೈಯಾರೆ ಮುಗಿಸಿದರೆ ಜೀವ ಸಿಗುತ್ತದೆ. 2015ರ ‘ಬ್ಲಡ್‌ಬೋರ್ನ್’ನಲ್ಲಿ ಏಟು ತಿಂದ ಕೂಡಲೇ ತಿರುಗಿ ಹೊಡೆದರೆ ಕಳೆದುಕೊಂಡ ಜೀವದಲ್ಲಿ ಸ್ವಲ್ಪ ವಾಪಸ್. ಎರಡರಲ್ಲೂ ಭಯ ಆದಾಗಲೇ ಮುಂದೆ ಹೋಗಬೇಕು.

ಚಿತ್ರ, ಬಣ್ಣ, ಬಟ್ಟೆ ಎಲ್ಲ ಆಮೇಲೆ. ಮೊದಲು ಬರೀ ಬೂದು ಡಬ್ಬಿಗಳನ್ನು ಹೊಡೆದಾಡಿಸಿ. ಡಬ್ಬಿ ಡಬ್ಬಿಗೆ ಹೊಡೆದಾಗಲೇ ನಿಮ್ಮ ಮೂವರಿಗೂ ಇನ್ನೊಂದು ಸಲ ಅನ್ನಿಸಿದರೆ ಮುಂದೆ ಹೋಗಿ. ಆದಾಗ ನನಗೂ ಕಳಿಸಿ, ಖಂಡಿತ ಆಡುತ್ತೇನೆ.

ಪ್ರಶ್ನೆ: ಈಸಿ ಮೋಡ್‌ನಲ್ಲಿ ಆಡಿದರೆ ಗೆಳೆಯರು ಆಡಿಕೊಳ್ಳುತ್ತಾರೆ. ನನ್ನ ಬಲಗೈ ಬೆರಳುಗಳಿಗೆ ಶಕ್ತಿ ಕಡಿಮೆ. ನಾನು ಆಡಲೇಬಾರದಾ?
– ಓದುಗಿ, ಬೆಳಗಾವಿ

ಉತ್ತರ: ಖಂಡಿತ ಆಡಿ. ಗೆಳೆಯರಿಗೆ ಈ ಪುಟ ತೋರಿಸಿ. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಕಣ್ಣು, ಕಿವಿ, ಕೈ ತೊಂದರೆ ಇರುವವರಿಗಾಗಿಯೇ 60ಕ್ಕೂ ಹೆಚ್ಚು ಸೆಟ್ಟಿಂಗ್ಸ್ ಇಟ್ಟಿದ್ದಾರೆ. ಅದು ಕೂಡ ದೊಡ್ಡವರಿಗೆ ಮಾತ್ರ ಅನ್ನುವುದು ನೆನಪಿರಲಿ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಅಡಾಪ್ಟಿವ್ ಕಂಟ್ರೋಲರ್‌ಗೆ ದೊಡ್ಡ ಬಟನ್, ಕಾಲಿನ ಪೆಡಲ್ ಎಲ್ಲ ಸೇರಿಸಬಹುದು. ಸೆಕಿರೋದಲ್ಲಿ ಸುಲಭದ ಮಟ್ಟವೇ ಇಲ್ಲ. ಆ ಗೇಮ್ ನನಗೆ ಎಷ್ಟೇ ಇಷ್ಟವಾದರೂ ಈ ಒಂದು ವಿಷಯದಲ್ಲಿ ಅದರ ಜೊತೆ ನನಗೆ ಜಗಳ ಇದೆ. ತಡೆಗೆ ಸಿಗುವ ಸಮಯವನ್ನು ಸ್ವಲ್ಪ ಅಗಲ ಮಾಡಿಕೊಟ್ಟಿದ್ದರೆ ನಿಮ್ಮಂಥವರಿಗೂ ಆ ಠಣ್ ಸದ್ದು ಸಿಗುತ್ತಿತ್ತು, ಉಳಿದವರು ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಇದೆ. ದುಡ್ಡು ಜಾಸ್ತಿ ಇಲ್ಲ. ಇದನ್ನೆಲ್ಲ ಅನುಭವಿಸಲು ಒಂದೇ ಗೇಮ್ ಹೇಳಿ.
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ‘ಹಾಲೋ ನೈಟ್’. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡ 2017ರಲ್ಲಿ ಮಾಡಿದ್ದು. ಕೈಯಲ್ಲಿ ಬಿಡಿಸಿದ ಹುಳುಗಳ ಲೋಕ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ, ಸೇಲ್ ಬಂದಾಗ ಇನ್ನೂ ಅಗ್ಗ. ಧಾರವಾಡದ ತಾಯಿಯ ಮಗನಿಗೂ ಇದು ಆಗುತ್ತದೆ, ಅಮೆರಿಕದಲ್ಲಿ 10 ದಾಟಿದವರಿಗೆ ಅಂತ ಹಾಕಿದ್ದಾರೆ.

ಇದರಲ್ಲಿ ವೈರಿಗೆ ಹೊಡೆದಾಗ ‘ಸೋಲ್’ ತುಂಬುತ್ತದೆ. ಅದನ್ನು ಖರ್ಚು ಮಾಡಿ ಗಾಯ ವಾಸಿ ಮಾಡಿಕೊಳ್ಳಬಹುದು, ಆದರೆ ಒಂದೇ ಕಡೆ ನಿಂತು ಬಟನ್ ಒತ್ತಿ ಹಿಡಿಯಬೇಕು. ಅಷ್ಟು ಹೊತ್ತು ಎಲ್ಲಿ ಸಿಗುತ್ತದೆ? ಎದುರಾಳಿಯ ಒಂದು ಏಟು ಮುಗಿದು ಇನ್ನೊಂದು ಶುರುವಾಗುವ ನಡುವೆ. ಮೊದಮೊದಲು ಆ ಬಿಡುವು ಕಾಣಿಸುವುದೇ ಇಲ್ಲ. ಗ್ರೀನ್‌ಪಾತ್ ಅನ್ನುವ ಜಾಗದಲ್ಲಿ ಹಾರ್ನೆಟ್ ಅನ್ನುವವಳು ಸೂಜಿ ಹಿಡಿದು ಎದುರಾಗುತ್ತಾಳೆ, ಹೊಡೆಯುವ ಮುಂಚೆ ಕೂಗು ಹಾಕುತ್ತಾಳೆ. ಮೊದಲ ಎರಡು ಸಲ ಅವಳಿಗೆ ಒಂದೂ ಏಟು ಹಾಕಬೇಡಿ. ತಪ್ಪಿಸಿಕೊಳ್ಳುತ್ತಾ ಆ ಕೂಗು ಕೇಳಿಸಿಕೊಳ್ಳಿ, ಅವಳ ಕೈ ನೋಡಿ. ಮೂರನೇ ಸಲ ಹೊಡೆಯಲು ಶುರು ಮಾಡಿ.